ಕುಡಿತವನ್ನು ಬಿಟ್ಟ ಬಿಲ್ ವಿಲ್ಸನ್

ಜೀವನಚರಿತ್ರೆಗಳೆಂದರೆ ಸಾಮಾನ್ಯವಾಗಿ ರಾಜ್ಯ ಕಟ್ಟಿದವರ, ಯುದ್ಧ ಗೆದ್ದವರ, ಗ್ರಂಥ ರಚಿಸಿದವರ ಕಥೆಗಳು. ನಾನಿಲ್ಲಿ ಹೇಳಹೊರಟಿರುವವನು ಇವರಾರ ಸಾಲಿಗೂ ಸೇರಿದವನಲ್ಲ. ಅವನು ಕುಡಿಯುತ್ತಿದ್ದನು, ಒಂದು ದಿನ ಬಿಟ್ಟನು, ಆಮೇಲೆ ಮೂವತ್ತಾರು ವರ್ಷ ಮುಟ್ಟಲಿಲ್ಲ. ಇಷ್ಟೇ ಅವನ ಸಾಧನೆಯೆಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡಬಹುದು. ಆದರೆ ಆ ಒಂದು ಸಾಲು ಎಷ್ಟು ಭಾರವಾದುದೆಂಬುದನ್ನು ಕುಡಿಯುವವರಿರುವ ಮನೆಯಲ್ಲಿ ಹುಟ್ಟಿ ಬೆಳೆದವರು ಮಾತ್ರ ಬಲ್ಲರು. ಅಂಥ ಮನೆಗಳಿಂದ ಬಂದವರು ನಮ್ಮ ಕಾಲೇಜಿನ ಬೆಂಚುಗಳ ಮೇಲೆ ಕಡಮೆಯಿಲ್ಲ. ಆದುದರಿಂದ ಈ ಪರದೇಶದ ಮನುಷ್ಯನ ಕಥೆ ನಮಗೆ ಅಷ್ಟೇನೂ ಪರದೇಶದ್ದಾಗಿ ತೋರಲಾರದೆಂದು ನಂಬಿ ಬರೆಯುತ್ತಿದ್ದೇನೆ.

ವಿಲಿಯಂ ಗ್ರಿಫಿತ್ ವಿಲ್ಸನ್ ಹುಟ್ಟಿದುದು ೧೮೯೫ರ ನವೆಂಬರ್ ೨೬ರಂದು, ಅಮೆರಿಕದ ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಿನಲ್ಲಿ. ಹುಟ್ಟಿದ ಕೋಣೆ ಒಂದು ವಸತಿಗೃಹದ ಮದ್ಯದಂಗಡಿಯ ಹಿಂಭಾಗದಲ್ಲಿತ್ತಂತೆ. ಅವನ ಮುಂದಿನ ಬಾಳನ್ನು ಬಲ್ಲವರು ಇದನ್ನು ವಿಧಿಯ ಹಾಸ್ಯವೆಂದೇ ಎಣಿಸಿದ್ದಾರೆ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆತಾಯಿಗಳ ಸಂಸಾರ ಮುರಿಯಿತು. ತಂದೆ ದೂರ ಪ್ರಾಂತಕ್ಕೆ ಹೊರಟುಹೋದನು. ತಾಯಿ ವೈದ್ಯವಿದ್ಯೆಯನ್ನು ಕಲಿಯಲು ಬಾಸ್ಟನ್ ನಗರಕ್ಕೆ ಹೋದಳು. ಬಿಲ್ಲನೂ ಅವನ ತಂಗಿಯೂ ತಾಯಿಯ ತಂದೆಯ ಮನೆಯಲ್ಲಿ ಬೆಳೆದರು. ಒಮ್ಮೆ ಆ ಅಜ್ಜ, ಎಸೆದವನ ಕೈಗೇ ಮರಳಿ ಬರುವ ಬೂಮರಾಂಗನ್ನು ಆಸ್ಟ್ರೇಲಿಯದ ಆದಿವಾಸಿಗಳಲ್ಲದೆ ಬೇರೆ ಯಾರೂ ಮಾಡಲಾರರೆಂದು ಮಾತಿಗೆ ಹೇಳಿದನು. ಮೊಮ್ಮಗನು ಶಾಲೆಯ ಪಾಠವನ್ನು ಮರೆತು ಆರು ತಿಂಗಳು ಮರ ಕೆತ್ತಿದನು. ತಕ್ಕ ಹಲಗೆ ಸಿಕ್ಕದೆ ತನ್ನ ಮಂಚದ ತಲೆಹಲಗೆಯನ್ನೇ ಕೊಯ್ದು, ಕೊನೆಗೂ ಮರಳಿ ಬರುವ ಬೂಮರಾಂಗನ್ನು ಮಾಡಿ ಎಸೆದು ತೋರಿಸಿದನು. ಮನಸ್ಸು ಮಾಡಿದರೆ ಏನನ್ನಾದರೂ ಸಾಧಿಸಿಯೇನೆಂಬ ಹೆಮ್ಮೆ ಅಂದಿನಿಂದ ಅವನಲ್ಲಿ ಬೇರೂರಿತು. ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಡಬೇಕು. ಇಚ್ಛಾಶಕ್ತಿ ಇಲ್ಲದವನು ಕುಡುಕನಾಗುತ್ತಾನೆಂಬ ನಮ್ಮ ಸಾಮಾನ್ಯ ನಂಬಿಕೆ ಇವನ ವಿಷಯದಲ್ಲಿ ನಿಲ್ಲುವುದಿಲ್ಲ.

ಅವನು ಮೊದಲ ಬಾರಿ ಮದ್ಯ ಮುಟ್ಟಿದುದು ೧೯೧೭ರಲ್ಲಿ. ಆಗ ಅವನಿಗೆ ಇಪ್ಪತ್ತೊಂದು ದಾಟಿತ್ತು. ಮೊದಲನೆಯ ಮಹಾಯುದ್ಧದ ಕಾಲ. ಫಿರಂಗಿ ದಳದ ಕಿರಿಯ ಅಧಿಕಾರಿಯಾಗಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಬಳಿ ಇದ್ದನು. ಅಲ್ಲಿನ ಶ್ರೀಮಂತರು ಸೈನ್ಯಾಧಿಕಾರಿಗಳಿಗೆ ಔತಣ ನೀಡುತ್ತಿದ್ದರು. ಹಳ್ಳಿಯಿಂದ ಬಂದ ವಿಲ್ಸನ್ನನು ನಾಲ್ಕು ಜನರ ನಡುವೆ ನಿಂತು ಮಾತನಾಡಲಾರದೆ ಮೈ ಹಿಡಿಮಾಡಿಕೊಳ್ಳುತ್ತಿದ್ದವನು. ಒಂದು ಲೋಟ ಒಳಗೆ ಹೋದೊಡನೆ ಅವನ ಮತ್ತು ಲೋಕದ ನಡುವಿದ್ದ ಗೋಡೆ ಕುಸಿದಂತಾಯಿತು. ತಾನೂ ಇವರಲ್ಲಿ ಒಬ್ಬನೆನ್ನಿಸಿತು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ನಮ್ಮಂಥವರಿಗೆ ಆ ಗೋಡೆಯ ಪರಿಚಯ ಚೆನ್ನಾಗಿಯೇ ಇದೆ. ಅದನ್ನು ಕೆಡಹುವ ಸುಲಭೋಪಾಯವೊಂದು ಲೋಟದಲ್ಲಿ ಸಿಕ್ಕಿಬಿಟ್ಟರೆ ಅದರ ಆಕರ್ಷಣೆ ಎಷ್ಟಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

೧೯೧೮ರ ಜನವರಿ ೨೪ರಂದು ಬ್ರೂಕ್ಲಿನ್ನಿನ ಒಬ್ಬ ವೈದ್ಯನ ಮಗಳಾದ ಲೋಯಿಸ್ ಬರ್ನ್‌ಹ್ಯಾಮಳೊಡನೆ ಅವನ ವಿವಾಹವಾಯಿತು. ಫ್ರಾನ್ಸಿನ ರಣರಂಗದಿಂದ ಮರಳಿ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದನು. ರಾತ್ರಿಯ ಕಾನೂನು ಶಾಲೆಯಲ್ಲಿ ಓದಿದನಾದರೂ ಪದವಿ ಕೈಗೆ ಬರಲಿಲ್ಲ. ೧೯೨೫ರಲ್ಲಿ ಗಂಡಹೆಂಡಿರು ಪಕ್ಕದ ಪೆಟ್ಟಿಗೆಯುಳ್ಳ ಮೋಟಾರ್ ಸೈಕಲ್ಲೇರಿ ಊರೂರು ತಿರುಗಿ, ಕಾರ್ಖಾನೆಗಳ ನಿಜಸ್ಥಿತಿಯನ್ನು ಕಣ್ಣಾರೆ ನೋಡಿ, ಷೇರು ಪೇಟೆಯ ಧಣಿಗಳಿಗೆ ವರದಿ ಮಾಡಿದರು. ಇದು ಆ ಕಾಲಕ್ಕೆ ಹೊಸ ಯೋಚನೆ; ಹಣ ಹರಿದು ಬಂತು. ಹಣದೊಡನೆ ಕುಡಿತವೂ ಬೆಳೆಯಿತು. ಇಲ್ಲೊಂದು ಗಮನಾರ್ಹ ಸಂಗತಿಯಿದೆ. ೧೯೨೦ರಿಂದ ೧೯೩೩ರವರೆಗೆ ಅಮೆರಿಕದಲ್ಲೆಲ್ಲ ಪಾನನಿರೋಧ ಜಾರಿಯಲ್ಲಿತ್ತು. ಮದ್ಯವನ್ನು ಮಾರುವುದು ಅಪರಾಧವಾಗಿದ್ದ ಆ ಹದಿಮೂರು ವರ್ಷಗಳಲ್ಲಿಯೇ ವಿಲ್ಸನ್ನನು ಪೂರ್ತಿ ಕುಡುಕನಾದನು. ೧೯೨೯ರಲ್ಲಿ ಷೇರು ಪೇಟೆ ಕುಸಿದಾಗ ಅವನ ಐಶ್ವರ್ಯವೂ ಕುಸಿಯಿತು. ಮಾವನ ಮನೆಯೇ ಆಶ್ರಯವಾಯಿತು. ಲೋಯಿಸಳು ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ನಿಂತು ಸಂಸಾರ ತೂಗಿಸಿದಳು. ಆಕೆಯ ಪರ್ಸಿನಿಂದ ಗಂಡನೇ ಹಣ ಕದ್ದು ಕುಡಿಯುವ ಮಟ್ಟಕ್ಕೆ ಬಂತು.

ಈ ವರ್ಷಗಳಲ್ಲಿ ವಿಲ್ಸನ್ನನು ಬಿಡಲು ಯತ್ನಿಸಲೇ ಇಲ್ಲವೆಂದಲ್ಲ. ಮನೆಯ ಬೈಬಲ್ಲಿನ ಪುಟದಲ್ಲಿ, ಇನ್ನು ಮುಟ್ಟುವುದಿಲ್ಲವೆಂದು ಹೆಂಡತಿಗೆ ಪ್ರಮಾಣ ಬರೆದುಕೊಟ್ಟನು. ಅದು ಮುರಿದ ಮೇಲೆ ಮತ್ತೆ ಬರೆದನು. ಹೀಗೆ ಹಲವು ಬಾರಿ. ಪ್ರತಿ ಸಲವೂ ಪೂರ್ಣ ಮನಸ್ಸಿನಿಂದಲೇ ಬರೆದನೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಕಡೆಯೂ ಇದೇ ಪದ್ಧತಿ. ಚಾಮುಂಡಿಬೆಟ್ಟಕ್ಕೆ ಕರೆದುಕೊಂಡು ಹೋಗಿಯೋ, ಮಾದಪ್ಪನ ಮೇಲೆಯೋ, ಮಂಜುನಾಥನ ಮೇಲೆಯೋ ಆಣೆ ಇಡಿಸುತ್ತೇವೆ. ಆಣೆ ಮುರಿದವನನ್ನು ದೇವರಿಗೇ ದ್ರೋಹ ಮಾಡಿದವನೆಂದು ದೂರ ಮಾಡುತ್ತೇವೆ.

ನಂಜನಗೂಡಿನ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ದೊಡ್ಡಪ್ಪನವರು ಹೀಗೆಯೇ ಮಾದಪ್ಪನ ಮೇಲೆ ಆಣೆಯಿಟ್ಟು ಒಂದೇ ದಿನಕ್ಕೆ ಬಿಟ್ಟರು. ಮರುದಿನ ಬೆಳಗ್ಗೆ ಕಾಫಿಯ ಲೋಟ ಹಿಡಿಯಲಾರದಷ್ಟು ಕೈ ನಡುಗಿತು. ಮೂರನೆಯ ರಾತ್ರಿ ಗೋಡೆಯ ಮೇಲೆಲ್ಲ ಹುಳು ಹರಿಯುತ್ತಿವೆಯೆಂದು ಕೂಗಾಡತೊಡಗಿದರು. ಊರಿನವರು ಗಾಳಿಯೆಂದರು, ಯಂತ್ರ ಕಟ್ಟಿಸಿದರು. ಕೊನೆಗೆ ಯಾರೋ ಒಂದು ಕ್ವಾರ್ಟರ್ ತಂದು ಕುಡಿಸಿದರು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ಅಂದಿನಿಂದ ದೊಡ್ಡಪ್ಪ ಮಾತಿಗೆ ನಿಲ್ಲದ ಮನುಷ್ಯರೆಂಬ ಹೆಸರು ಊರಿನಲ್ಲಿ ಉಳಿಯಿತು. ಆ ರಾತ್ರಿ ನಡೆದುದು ಗಾಳಿಯೂ ಅಲ್ಲ, ದೈವಕೋಪವೂ ಅಲ್ಲ. ಅದೇನೆಂಬುದು ವಿಲ್ಸನ್ನನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಸ್ಪಷ್ಟವಾಯಿತು.

೧೯೩೩–೩೪ರಲ್ಲಿ, ವೈದ್ಯನಾಗಿದ್ದ ತಂಗಿಯ ಗಂಡನ ಸಹಾಯದಿಂದ, ವಿಲ್ಸನ್ನನು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ನಾಲ್ಕು ಬಾರಿ ಸೇರಿದನು. ಅಲ್ಲಿ ವಿಲಿಯಂ ಸಿಲ್ಕ್‌ವರ್ತ್ ಎಂಬ ಡಾಕ್ಟರಿದ್ದರು. ಸಾವಿರಾರು ಕುಡುಕರನ್ನು ನೋಡಿದ ಅನುಭವದಿಂದ ಅವರು ಒಂದು ನಿರ್ಣಯಕ್ಕೆ ಬಂದಿದ್ದರು. ಕುಡಿತ ಕೇವಲ ನಡತೆಯ ದೋಷವಲ್ಲ, ರೋಗ. ಕೆಲವರ ಶರೀರ ಮದ್ಯಕ್ಕೆ ಅಲರ್ಜಿಯಂತೆ ವರ್ತಿಸುತ್ತದೆ. ಒಂದು ಗುಟುಕು ಹೋದರೆ ಸಾಕು, ಮುಂದಿನದು ಅವರ ಕೈಯಲ್ಲಿಲ್ಲ. ಅಲರ್ಜಿಯೆಂಬ ಮಾತು ಇಂದಿನ ವಿಜ್ಞಾನಕ್ಕೆ ಒಪ್ಪುವುದಿಲ್ಲ. ಆದರೆ ಡಾಕ್ಟರು ಬೆರಳು ತೋರಿಸಿದ ದಿಕ್ಕು ಸರಿಯಾಗಿತ್ತು. ಅವರ ಕಾಲಕ್ಕೆ ಮಿದುಳಿನ ರಸಾಯನ ಯಾರಿಗೂ ತಿಳಿದಿರಲಿಲ್ಲ. ಮಿದುಳಿನಲ್ಲಿ ಗಾಬಾ ಎಂಬ ದ್ರವ್ಯ ಇರುವುದು ಬೆಳಕಿಗೆ ಬಂದುದೇ ೧೯೫೦ರಲ್ಲಿ. ಡೋಪಮೈನಿನ ಕಾರ್ಯ ತಿಳಿದುದು ಆ ದಶಕದ ಕೊನೆಯಲ್ಲಿ.

ಇಂದು ತಿಳಿದಿರುವುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ದೇವರಾಜ ಮಾರುಕಟ್ಟೆಯ ತಕ್ಕಡಿಯನ್ನು ನೆನೆಯಿರಿ. ಮಿದುಳಿನಲ್ಲಿಯೂ ಅಂಥ ಒಂದು ತಕ್ಕಡಿಯಿದೆ. ಒಂದು ತಟ್ಟೆಯಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ. ಇನ್ನೊಂದರಲ್ಲಿ ನರಗಳನ್ನು ಉದ್ರೇಕಿಸುವ ಗ್ಲುಟಮೇಟ್. ಮದ್ಯವು ಗಾಬಾದ ಕೆಲಸಕ್ಕೆ ಬಲ ಕೊಟ್ಟು, ಗ್ಲುಟಮೇಟಿನ ಕೆಲಸವನ್ನು ತಡೆಯುತ್ತದೆ. ಭಯ, ಸಂಕೋಚಗಳು ಮಾಯವಾಗುವುದು ಇದರಿಂದಲೇ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ; ತಕ್ಕಡಿಯನ್ನು ಸಮ ಮಾಡಲು ಎದುರು ತಟ್ಟೆಗೆ ಕಲ್ಲು ಹಾಕುತ್ತ ಹೋಗುತ್ತದೆ. ಶಾಂತಗೊಳಿಸುವ ವ್ಯವಸ್ಥೆಯನ್ನು ತಗ್ಗಿಸುತ್ತದೆ, ಉದ್ರೇಕಿಸುವುದನ್ನು ಹೆಚ್ಚಿಸುತ್ತದೆ. ಆದುದರಿಂದಲೇ ಮೊದಲು ಒಂದು ಲೋಟಕ್ಕೆ ಸಿಕ್ಕುತ್ತಿದ್ದ ಸುಖಕ್ಕೆ ಆಮೇಲೆ ನಾಲ್ಕು ಲೋಟ ಬೇಕಾಗುತ್ತದೆ. ಈಗ ಮದ್ಯವನ್ನು ಒಮ್ಮೆಗೇ ತೆಗೆದುಬಿಟ್ಟರೆ ಎದುರಿನ ತಟ್ಟೆ ದಡಾರನೆ ಕೆಳಗೆ ಬೀಳುತ್ತದೆ. ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ನಿದ್ದೆಗೇಡು. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದುದನ್ನು ಕಾಣಿಸುವ ಸನ್ನಿ. ಈ ಸನ್ನಿ ಪ್ರಾಣವನ್ನೂ ತೆಗೆಯಬಲ್ಲದು. ಬಹುಕಾಲ ವಿಪರೀತ ಕುಡಿದವನು ವೈದ್ಯರನ್ನು ಕಾಣದೆ ಆಣೆಯ ಬಲದಿಂದಲೇ ಒಂದೇಟಿಗೆ ನಿಲ್ಲಿಸುವುದು ಅಪಾಯಕರ. ನರಗಳನ್ನು ಶಾಂತಗೊಳಿಸುವ ಔಷಧವನ್ನು ಕೆಲವು ದಿನ ಕೊಟ್ಟು ಕ್ರಮವಾಗಿ ಇಳಿಸುತ್ತ, ಜೊತೆಗೆ ಬಿ-೧ ಜೀವಸತ್ವವನ್ನು ಕೊಟ್ಟು, ಡಾಕ್ಟರುಗಳು ಈ ವಾರವನ್ನು ಸುರಕ್ಷಿತವಾಗಿ ದಾಟಿಸಬಲ್ಲರು. ದೊಡ್ಡಪ್ಪನವರಿಗೆ ಆ ರಾತ್ರಿ ಬೇಕಾಗಿದ್ದುದು ಯಂತ್ರವಲ್ಲ, ಆಸ್ಪತ್ರೆಯ ಹಾಸಿಗೆ.

ಆದರೆ ಆಸ್ಪತ್ರೆ ಒಂದೇ ಸಾಲದೆಂಬುದಕ್ಕೂ ವಿಲ್ಸನ್ನನೇ ಸಾಕ್ಷಿ. ಅಲ್ಲಿ ಮೈ ತೊಳೆದುಕೊಂಡು ಹೊರಬಂದವನು ಕೆಲವೇ ಕಾಲದಲ್ಲಿ ಮತ್ತೆ ಕುಡಿದನು. ೧೯೩೪ರ ನವೆಂಬರಿನಲ್ಲಿ ಅವನ ಹಳೆಯ ಕುಡಿತದ ಗೆಳೆಯನಾದ ಎಬಿ ಥ್ಯಾಚರ್ ಮನೆಗೆ ಬಂದನು. ವಿಲ್ಸನ್ನನು ಅಡುಗೆಮನೆಯ ಮೇಜಿನ ಮೇಲೆ ಮದ್ಯವಿಟ್ಟು ಉಪಚರಿಸಿದನು, ಗೆಳೆಯನು ಬೇಡವೆಂದನು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗದ ಸಹವಾಸದಿಂದ ತಾನು ಬಿಟ್ಟುದಾಗಿ ತಿಳಿಸಿದನು. ಪಾದ್ರಿಗಳ ಬೋಧೆಗೂ ಹೆಂಡತಿಯ ಕಣ್ಣೀರಿಗೂ ಜಗ್ಗದ ವಿಲ್ಸನ್ನನ ಮನಸ್ಸು, ತನ್ನಂತೆಯೇ ಬಿದ್ದವನೊಬ್ಬನು ಎದ್ದು ನಿಂತುದನ್ನು ಕಂಡು ಅಲುಗಿತು. ಅದೇ ವರ್ಷ ಡಿಸೆಂಬರ್ ೧೧ರಂದು ಅವನು ಕೊನೆಯ ಬಾರಿ ಆಸ್ಪತ್ರೆಗೆ ಸೇರಿದನು. ಆಮೇಲೆ ಅವನು ಕುಡಿಯಲಿಲ್ಲ. ಆಸ್ಪತ್ರೆಯಲ್ಲಿ ಕೋಣೆಯೆಲ್ಲ ಬೆಳಕು ತುಂಬಿ ಅಪೂರ್ವ ಶಾಂತಿ ದೊರೆತ ಅನುಭವವೊಂದು ಅವನಿಗಾಯಿತು. ಅದು ದೇವರ ಕೃಪೆಯೋ, ಅಲ್ಲಿ ಕೊಡುತ್ತಿದ್ದ ಬೆಲಡೋನ ಔಷಧದ ಪರಿಣಾಮವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವನಿಗೇ ತನ್ನ ಬುದ್ಧಿ ಕೆಟ್ಟಿತೋ ಎಂಬ ಭಯ ಹುಟ್ಟಿದಾಗ ಡಾಕ್ಟರ್ ಸಿಲ್ಕ್‌ವರ್ತ್ ಅದನ್ನು ಗೇಲಿ ಮಾಡಲಿಲ್ಲ. ಏನೇ ಆಗಿರಲಿ, ಅದನ್ನು ಬಿಡದೆ ಹಿಡಿದುಕೊಳ್ಳುವಂತೆ ಧೈರ್ಯ ಹೇಳಿದರು.

ಬೆಳಕು ಒಂದು ರಾತ್ರಿಯದು. ಮುಂದಿನ ದಿನಗಳನ್ನು ಕಳೆಯುವುದು ಹೇಗೆ? ವಿಲ್ಸನ್ನನು ಕುಡುಕರನ್ನು ಹುಡುಕಿಕೊಂಡು ಹೋಗಿ ಉಪದೇಶಿಸತೊಡಗಿದನು. ಸುಮಾರು ಐದು ತಿಂಗಳು ಪಾಡುಪಟ್ಟರೂ ಒಬ್ಬನೂ ಬಿಡಲಿಲ್ಲ. ಆದರೆ ಹೀಗೆ ತಿರುಗುತ್ತಿದ್ದ ಅವನು ಮಾತ್ರ ಕುಡಿಯದೆ ಉಳಿದಿದ್ದನು. ೧೯೩೫ರ ಮೇ ತಿಂಗಳಲ್ಲಿ ವ್ಯಾಪಾರದ ಕೆಲಸಕ್ಕಾಗಿ ಒಹಾಯೊ ಸಂಸ್ಥಾನದ ಏಕ್ರನ್ ನಗರಕ್ಕೆ ಹೋದನು. ಕೆಲಸ ಕೆಟ್ಟಿತು, ಜೇಬು ಬರಿದಾಗಿತ್ತು, ಹೋಟೆಲಿನ ಹಜಾರದ ಒಂದು ಕಡೆಯ ಬಾರಿನಿಂದ ನಗೆಯ ಸದ್ದು ಕೇಳಿಬರುತ್ತಿತ್ತು. ಇನ್ನೊಂದು ಕಡೆ ಟೆಲಿಫೋನ್ ಇತ್ತು. ಅವನು ಟೆಲಿಫೋನಿನ ಕಡೆಗೆ ನಡೆದನು. ಊರಿನ ಪಾದ್ರಿಗಳಿಗೆ ಕರೆ ಮಾಡಿ, ಮಾತನಾಡಲು ತನಗೊಬ್ಬ ಕುಡುಕನು ಬೇಕೆಂದು ವಿಚಾರಿಸಿದನು. ಹೀಗೆ ಮೇ ೧೨ರಂದು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯಾಯಿತು. ಹದಿನೈದೇ ನಿಮಿಷವೆಂದು ಷರತ್ತು ಹಾಕಿ ಬಂದ ಸ್ಮಿತ್, ಗಂಟೆಗಟ್ಟಲೆ ಕುಳಿತು ರಾತ್ರಿ ಮನೆಗೆ ಹೋದರು. ಈ ಸಲ ವಿಲ್ಸನ್ನನು ಉಪದೇಶ ಮಾಡಲಿಲ್ಲ. ತನ್ನ ಕಥೆಯನ್ನು ಹೇಳಿಕೊಂಡನು. ಎದುರಿಗಿದ್ದವನನ್ನು ಉದ್ಧರಿಸಲು ಅಲ್ಲ, ತಾನು ಉಳಿಯಲು ಹೇಳಿಕೊಂಡನು. ಸ್ಮಿತ್ ನಡುವೆ ಒಮ್ಮೆ ಜಾರಿದರೂ ಜೂನ್ ೧೦ರಿಂದ ಮತ್ತೆ ಮುಟ್ಟಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೊರಗೆಡಹದ ಕುಡುಕರ ಸಂಘದ ಜನ್ಮದಿನವೆಂದು ಎಣಿಸುತ್ತಾರೆ.

ಆ ಸಂಘದ ಕಟ್ಟಳೆಗಳು ಸರಳವಾದುವು. ಜೀವಮಾನಕ್ಕೆಲ್ಲ ಆಣೆ ಬೇಡ; ಇಂದು ಒಂದು ದಿನ ಕುಡಿಯದಿದ್ದರೆ ಸಾಕು. ಸಂಜೆ ತನ್ನಂಥವರ ಸಭೆಗೆ ಬರಬೇಕು. ಕೆಡಿಸಿದ ಸಂಬಂಧಗಳನ್ನು ಸರಿಪಡಿಸಿಕೊಳ್ಳಬೇಕು. ಇನ್ನೊಬ್ಬ ಕುಡುಕನಿಗೆ ನೆರವಾಗಬೇಕು. ಇವು ಕೇವಲ ನೀತಿಯ ಮಾತುಗಳಂತೆ ತೋರಿದರೂ ಮಿದುಳಿನ ರಸಾಯನಕ್ಕೆ ಹೊಂದುವಂಥವೇ. ಮಿದುಳಿನಲ್ಲಿ ಡೋಪಮೈನ್ ಎಂಬ ಇನ್ನೊಂದು ದ್ರವ್ಯವಿದೆ; ಸುಖದ ದಾರಿಯನ್ನು ಮಿದುಳಿಗೆ ಕಲಿಸುವುದು ಅದರ ಕೆಲಸ. ವರ್ಷಗಟ್ಟಲೆ ಕುಡಿದವನಲ್ಲಿ ಈ ವ್ಯವಸ್ಥೆ ಮದ್ಯಕ್ಕೇ ಒಗ್ಗಿಹೋಗಿ, ಊಟ, ಹಾಡು, ಮಕ್ಕಳ ಆಟ ಯಾವುದೂ ರುಚಿಸುವುದಿಲ್ಲ. ಬಿಟ್ಟ ಮೇಲೆ ಅದು ಸುಧಾರಿಸಿಕೊಳ್ಳಲು ವಾರಗಳಲ್ಲ, ತಿಂಗಳುಗಳೇ ಬೇಕು. ನಿದ್ದೆಯೂ ತಿಂಗಳುಗಟ್ಟಲೆ ಸರಿಹೋಗದೆ ಇರಬಹುದು. ಈ ಬರಡು ಕಾಲದಲ್ಲಿ ಸಂಬಳದ ದಿನ, ಸಂಜೆಯ ಆರು ಗಂಟೆ, ಅದೇ ಬೀದಿ, ಅದೇ ಗೆಳೆಯರು ಎದುರಾದರೆ ಹಳೆಯ ಕಲಿಕೆ ಥಟ್ಟನೆ ಎಚ್ಚರಗೊಳ್ಳುತ್ತದೆ. ಆದುದರಿಂದ ದಾರಿ ಬದಲಾಗಬೇಕು, ಸಂಜೆಯ ಹೊತ್ತು ಬದಲಾಗಬೇಕು, ಗೆಳೆಯರೂ ಬದಲಾಗಬೇಕು. ಹೊತ್ತಿಗೆ ಸರಿಯಾದ ಊಟ, ನಡಿಗೆ, ಕೈತುಂಬ ಕೆಲಸ ಬೇಕು. ಖಾಲಿಯಾದ ಆರು ಗಂಟೆಯನ್ನು ಸಂಘದ ಸಭೆ ತುಂಬಿತು. ೨೦೨೦ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆ ೨೭ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಪೂರ್ಣವಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಈ ಮಾರ್ಗ ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಕಡಮೆಯದಲ್ಲ, ಹಲವೆಡೆ ಮಿಗಿಲೆಂದು ಕಂಡುಕೊಂಡಿದೆ.

ಸಂಘ ಬೆಳೆದ ರೀತಿಯೂ ನಿಧಾನವಾದುದೇ. ೧೯೩೯ರಲ್ಲಿ ಅದರ ಮುಖ್ಯ ಗ್ರಂಥ ಅಚ್ಚಾಯಿತು. ಹೆಚ್ಚಿನ ಭಾಗ ವಿಲ್ಸನ್ನನದೇ. ಅದೇ ವರ್ಷ ಮನೆ ಕೈಬಿಟ್ಟು ಗಂಡಹೆಂಡಿರು ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ದಿನ ದೂಡಿದರು. ೧೯೪೧ರಲ್ಲಿ ಒಂದು ಜನಪ್ರಿಯ ವಾರಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಸುಮಾರು ಎರಡು ಸಾವಿರವಿದ್ದ ಸದಸ್ಯರು ವರ್ಷದೊಳಗೆ ಎಂಟು ಸಾವಿರವಾದರು. ಇಂದು ಸುಮಾರು ೧೮೦ ದೇಶಗಳಲ್ಲಿ ಇಪ್ಪತ್ತು ಲಕ್ಷದಷ್ಟು ಜನರಿದ್ದಾರೆ. ಕುಡುಕರ ಮನೆಯವರಿಗೂ ಆಸರೆ ಬೇಕೆಂದು ಕಂಡ ಲೋಯಿಸಳು ೧೯೫೧ರಲ್ಲಿ ಅವರಿಗಾಗಿಯೇ ಆಲನಾನ್ ಎಂಬ ಬೇರೆ ಸಂಘವನ್ನು ಕಟ್ಟಿದಳು. ೧೯೫೪ರಲ್ಲಿ ಯೇಲ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಬಯಸಿದಾಗ ವಿಲ್ಸನ್ನನು ನಿರಾಕರಿಸಿದನು. ಹೆಸರಿಲ್ಲದಿರುವುದೇ ಸಂಘದ ನಿಯಮ. ಬದುಕಿರುವವರೆಗೆ ಹೊರಗಿನ ಲೋಕಕ್ಕೆ ಅವನು ಬರಿಯ ಬಿಲ್ ಡಬ್ಲ್ಯೂ ಆಗಿಯೇ ಉಳಿದನು. ಪದವಿಯೊಂದನ್ನು ಪಡೆಯುವುದು ನನ್ನಂಥವನಿಗೆ ಎಷ್ಟು ದೊಡ್ಡದೆಂಬುದನ್ನು ಬಲ್ಲೆನಾದುದರಿಂದ, ಕೈಗೆ ಬಂದುದನ್ನು ಬಿಟ್ಟ ಈ ಸಂಗತಿ ನನಗೆ ವಿಶೇಷವಾಗಿ ಕಂಡಿತು.

ಅವನು ಸಂತನಾಗಿರಲಿಲ್ಲ. ಕುಡಿತ ಬಿಟ್ಟ ಮೇಲೂ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಖಿನ್ನತೆ ಅವನನ್ನು ಕಾಡಿತು. ಹೆಂಡತಿಯ ವಿಷಯದಲ್ಲಿ ನಿಷ್ಠೆ ತಪ್ಪಿ ನಡೆದುದೂ ಉಂಟು. ಸಿಗರೇಟನ್ನಂತೂ ಬಹುಕಾಲ ಬಿಡಲಾರದೆ ಹೋದನು. ಶ್ವಾಸಕೋಶದ ರೋಗವೇ ಅವನನ್ನು ಕೊಂದಿತು. ೧೯೭೧ರ ಜನವರಿ ೨೪ರಂದು, ಅಂದರೆ ಮದುವೆಯಾಗಿ ಸರಿಯಾಗಿ ಐವತ್ತಮೂರು ವರ್ಷ ತುಂಬಿದ ದಿನ, ಅವನು ತೀರಿಕೊಂಡನು. ಕೊನೆಯ ವಾರಗಳಲ್ಲಿ ರೋಗಶಯ್ಯೆಯಲ್ಲಿದ್ದಾಗ ಅವನು ವ್ಹಿಸ್ಕಿ ಕೇಳಿದನೆಂದು ದಾದಿಯರ ದಿನಚರಿಯನ್ನು ನೋಡಿದ ಚರಿತ್ರಕಾರರು ಬರೆದಿದ್ದಾರೆ. ಯಾರೂ ಕೊಡಲಿಲ್ಲ. ಕೆಲವರು ಇದನ್ನು ಅವನಿಗೆ ಕಳಂಕವೆಂದು ತಿಳಿಯಬಹುದು. ನನಗೆ ಹಾಗೆ ತೋರುವುದಿಲ್ಲ. ಮೂವತ್ತಾರು ವರ್ಷಗಳಾದರೂ ಮಿದುಳು ಮರೆತಿರಲಿಲ್ಲ. ಆದರೂ ಅಷ್ಟು ವರ್ಷ ಅವನು ಕುಡಿಯಲಿಲ್ಲ. ಆಸೆ ಸತ್ತ ಮೇಲೆ ಬಿಡುವುದು ದೊಡ್ಡದಲ್ಲ. ಅದು ಒಳಗೆ ಜೀವಂತವಾಗಿದ್ದಾಗ, ನಾಲ್ಕು ಜನರ ಆಸರೆಯಿಂದ, ದಿನದಿನವೂ ಬಿಡುತ್ತ ಹೋಗುವುದೇ ದೊಡ್ಡದು.

ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂದುದನ್ನು ನಮ್ಮ ಹಳ್ಳಿಗಳು ಕಂಡಿವೆ. ಅಂಗಡಿ ಮುಚ್ಚಿದರೂ ಕುಡಿಯುವವನ ಮಿದುಳು, ಅವನ ಸಂಜೆ ಬದಲಾಗದಿದ್ದರೆ ಫಲ ಅಷ್ಟಕ್ಕಷ್ಟೆ. ನಮ್ಮಲ್ಲಿ ದಾರಿಗಳಿಲ್ಲದೆ ಇಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿದವರು ಮತ್ತೆ ಮತ್ತೆ ಕೂಡಲೆಂದು ನವಜೀವನ ಸಮಿತಿಗಳಿವೆ. ವಿಲ್ಸನ್ನನು ಏಕ್ರನ್ನಿನಲ್ಲಿ ಕಂಡುಕೊಂಡ ಸತ್ಯವೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ; ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತೋಚದವರು ೧೪೪೪೬ ಎಂಬ ಉಚಿತ ದೂರವಾಣಿಗೆ ಕರೆ ಮಾಡಬಹುದು.

ನಮ್ಮ ಮನೆಗಳಲ್ಲಿ ಆಣೆ ಮುರಿದವರನ್ನು ಕುರಿತು ನಾವು ಆಡುವ ಮಾತು ಸ್ವಲ್ಪ ಬದಲಾದರೆ ಈ ಲೇಖನ ಸಾರ್ಥಕವಾಯಿತೆಂದು ತಿಳಿಯುತ್ತೇನೆ. ಅವರು ಸುಳ್ಳರಲ್ಲ. ಆಣೆಯಿಡುವಾಗ ನಿಜವನ್ನೇ ನುಡಿದವರು. ಮೂರನೆಯ ರಾತ್ರಿ ಜೊತೆಗೆ ವೈದ್ಯರಿರಲಿಲ್ಲ, ಮೂರನೆಯ ತಿಂಗಳು ಜೊತೆಗೆ ಗೆಳೆಯರಿರಲಿಲ್ಲ, ಅಷ್ಟೇ. ಅವರಿಂದ ಇನ್ನೊಂದು ಆಣೆ ಇಡಿಸುವುದಕ್ಕಿಂತ, ಅವರ ಜೊತೆಯಲ್ಲಿ ಆಸ್ಪತ್ರೆಯವರೆಗೆ ನಡೆದುಹೋಗುವುದು ಮೇಲು.